ತುಟಿ ಒಂದು ಕಡೆ, ದನಿ ಇನ್ನೊಂದು ಕಡೆ: ವಿಡಿಯೋ ಎಡಿಟಿಂಗ್ ತಕರಾರುಗಳಿಗೆ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ವಿಡಿಯೋ ಎಡಿಟಿಂಗ್ ಬಗ್ಗೆನೇ ಇವೆ, ಅದರಲ್ಲೂ ಸಿಂಕ್ ಹೋಗೋದು (ಚಿತ್ರಕ್ಕೂ ದನಿಗೂ ಹೊಂದಾಣಿಕೆ ತಪ್ಪೋದು), ಪ್ಲೇಬ್ಯಾಕ್ ತಡವರಿಸೋದು, ಫೈಲ್ ತೆರೆಯದೇ ಇರೋದು. ಶುರು ಮಾಡೋ ಮುಂಚೆ ಒಂದು ವಿನಂತಿ. "ಸಾಫ್ಟ್‌ವೇರ್ ಪ್ರಾಬ್ಲಂ ಕೊಡ್ತಿದೆ" ಅಂತ ಅಷ್ಟೇ ಬರೆದ್ರೆ ಯಾರಿಗೂ ಏನೂ ಗೊತ್ತಾಗಲ್ಲ. ತಪ್ಪು ಇರೋದು ಫೈಲ್‌ನಲ್ಲಾ, ಕ್ಲಿಪ್‌ಗಳನ್ನ ಜೋಡಿಸೋ ಟೈಮ್‌ಲೈನ್‌ನಲ್ಲಾ, ಇಲ್ಲಾ ನೀವು ನೋಡ್ತಾ ಕೇಳ್ತಾ ಇರೋ ಸ್ಕ್ರೀನು ಹೆಡ್‌ಫೋನಲ್ಲಾ ಅಂತ ಮೊದಲು ನೋಡ್ಕೊಳಿ. ಮೂಲ ಕ್ಲಿಪ್ಪನ್ನ ವಿಎಲ್‌ಸಿ ಪ್ಲೇಯರ್‌ನಲ್ಲಿ ನೋಡಿ, ಆಮೇಲೆ ತೊಂದ್ರೆ ಇರೋ ಜಾಗದ ಒಂದು ನಿಮಿಷ ಎಕ್ಸ್‌ಪೋರ್ಟ್ ಮಾಡಿ ಅದನ್ನೂ ನೋಡಿ, ಸಾಧ್ಯ ಆದ್ರೆ ಬೇರೆ ಸಾಧನದಲ್ಲಿ. ಇಷ್ಟು ಮಾಡಿದ್ರೆ ಅರ್ಧ ಪ್ರಶ್ನೆ ಅಲ್ಲೇ ಮುಗಿಯುತ್ತೆ, ನನಗೂ ಕೆಲಸ ಕಮ್ಮಿ.

ಪ್ರಶ್ನೆ: ಸರ್, ಫೋನಲ್ಲಿ ಇಪ್ಪತ್ತು ನಿಮಿಷದ ಇಂಟರ್‌ವ್ಯೂ ಶೂಟ್ ಮಾಡಿದೀನಿ. ಗ್ಯಾಲರಿಯಲ್ಲಿ ಪ್ಲೇ ಮಾಡಿದ್ರೆ ಎಲ್ಲ ಸರಿಯಾಗೇ ಇದೆ. ಎಡಿಟಿಂಗ್‌ಗೆ ಹಾಕಿದ್ರೆ ಶುರುವಲ್ಲಿ ಓಕೆ, ಹೋಗ್ತಾ ಹೋಗ್ತಾ ತುಟಿಗೂ ಮಾತಿಗೂ ಸಂಬಂಧ ಇಲ್ಲದ ಹಾಗೆ ಆಗುತ್ತೆ, ಕೊನೇಲಿ ಒಂದು ಸೆಕೆಂಡ್‌ಗಿಂತ ಜಾಸ್ತಿ ವ್ಯತ್ಯಾಸ. ಸಾಫ್ಟ್‌ವೇರ್ ಬದಲಾಯಿಸ್ಬೇಕಾ?

ಉತ್ತರ: ಬೇಡ. ನಿಮ್ಮ ಪ್ರಶ್ನೆಯಲ್ಲೇ ಮುಖ್ಯ ಸುಳಿವು ಇದೆ, "ಹೋಗ್ತಾ ಹೋಗ್ತಾ" ಅಂದ್ರಲ್ಲ, ಅದು. ಸಿಂಕ್ ತೊಂದ್ರೆ ಎರಡು ಥರ. ಶುರುವಿಂದ ಕೊನೆ ತನಕ ಒಂದೇ ಅಳತೆ ಆಚೀಚೆ ಇದ್ರೆ ಆಡಿಯೋನ ಅಷ್ಟು ಫ್ರೇಮ್ ಸರಿಸಿದ್ರೆ ಮುಗೀತು. ವ್ಯತ್ಯಾಸ ಬೆಳೀತಾ ಹೋದ್ರೆ ಸರಿಸಿ ಪ್ರಯೋಜನ ಇಲ್ಲ, ಅಲ್ಲಿ ಚಿತ್ರ ಮತ್ತು ದನಿ ಬೇರೆ ಬೇರೆ ವೇಗದಲ್ಲಿ ಓಡ್ತಿವೆ ಅಂತ ಅರ್ಥ.

ಫೋನ್ ವಿಡಿಯೋದಲ್ಲಿ ಇದಕ್ಕೆ ಸಾಮಾನ್ಯ ಕಾರಣ ವೇರಿಯಬಲ್ ಫ್ರೇಮ್ ರೇಟ್, ಅಂದ್ರೆ ಸೆಕೆಂಡಿಗೆ ಎಷ್ಟು ಫ್ರೇಮ್ (ಬಿಡಿ ಚಿತ್ರ) ಅನ್ನೋದು ಒಂದೇ ಸಮ ಇರದೇ ಇರೋದು. ನೀವು 30 ಅಂತ ಇಟ್ಟಿರ್ತೀರಿ, ಆದ್ರೆ ಫೋನು ಬೆಳಕು ಕಮ್ಮಿ ಆದ್ರೆ 24ಕ್ಕೋ 20ಕ್ಕೋ ಇಳಿಯುತ್ತೆ, ಬಿಸಿ ಆದ್ರೆ ಅಲ್ಲೊಂದು ಇಲ್ಲೊಂದು ಫ್ರೇಮ್ ಬಿಟ್ಬಿಡುತ್ತೆ. ಫೈಲ್ ಒಳಗೆ ಪ್ರತಿ ಫ್ರೇಮಿಗೂ ಅದನ್ನ ಯಾವ ಹೊತ್ತಿಗೆ ತೋರಿಸ್ಬೇಕು ಅನ್ನೋ ಗುರುತು ಇರುತ್ತೆ. ಪ್ಲೇಯರ್‌ಗಳು ಆ ಗುರುತನ್ನ ನೋಡ್ಕೊಂಡು ತೋರಿಸೋದ್ರಿಂದ ಗ್ಯಾಲರಿಯಲ್ಲಿ ಸರಿ ಕಾಣುತ್ತೆ. ಟೈಮ್‌ಲೈನ್ ಹಾಗಲ್ಲ, ಅದು ಸಮ ಮನೆಗಳ ಸಾಲು, ಒಂದು ಮನೆಗೆ ಒಂದು ಫ್ರೇಮ್. ಗುರುತನ್ನ ಕಡೆಗಣಿಸಿ ಫ್ರೇಮ್‌ಗಳನ್ನ ಸಾಲಾಗಿ ತುಂಬಿಸ್ತಾ ಹೋದ್ರೆ, ಕಮ್ಮಿ ಫ್ರೇಮ್ ಇರೋ ಜಾಗದಲ್ಲಿ ಚಿತ್ರ ಬೇಗ ಓಡಿಹೋಗುತ್ತೆ, ದನಿ ತನ್ನ ಪಾಡಿಗೆ ಸರಿಯಾದ ವೇಗದಲ್ಲೇ ಬರ್ತಿರುತ್ತೆ.

ಖಚಿತ ಮಾಡ್ಕೊಳಕ್ಕೆ ಮೀಡಿಯಾಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೀರಿ. ಫ್ರೇಮ್ ರೇಟ್ ಮೋಡ್ ಅನ್ನೋ ಕಡೆ ವೇರಿಯಬಲ್ ಅಂತ ಇದ್ಯಾ, ಮಿನಿಮಮ್ ಮ್ಯಾಕ್ಸಿಮಮ್ ಎಷ್ಟು ಅಂತ ನೋಡಿ. 29.9 ಮತ್ತು 30.1 ಥರ ಹತ್ತಿರ ಹತ್ತಿರ ಇದ್ರೆ ತಲೆ ಕೆಡಿಸ್ಕೊಳಬೇಡಿ. 15ರಿಂದ 60 ಅಂತೆಲ್ಲ ಇದ್ರೆ ಕಳ್ಳ ಸಿಕ್ಕ.

ಪರಿಹಾರ ಅಂದ್ರೆ ಎಡಿಟ್ ಶುರು ಮಾಡೋ ಮುಂಚೆ ಕಾನ್‌ಸ್ಟಂಟ್, ಅಂದ್ರೆ ಒಂದೇ ಸಮನಾದ ಫ್ರೇಮ್ ರೇಟಿಗೆ ಬದಲಾಯಿಸೋದು. ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಬದಲಾಯಿಸೋ ಸಾಫ್ಟ್‌ವೇರ್‌ನಲ್ಲಿ ವಿಡಿಯೋ ಟ್ಯಾಬಿಗೆ ಹೋಗಿ, ಫ್ರೇಮ್ ರೇಟ್ 30 ಅಂತ ನೀವೇ ಆರಿಸಿ, ಕೆಳಗೆ ಪೀಕ್ ಅಂತ ಇರೋದನ್ನ ಕಾನ್‌ಸ್ಟಂಟ್ ಮಾಡಿ, ಕ್ವಾಲಿಟಿ ಸ್ಲೈಡರ್ 16ರಿಂದ 18ರ ಹತ್ತಿರ ಇಡಿ, ಫೈಲ್ ದೊಡ್ಡದಾಗುತ್ತೆ ಆಗ್ಲಿ ಬಿಡಿ. ಮೂಲ ಫೈಲ್ ಮಾತ್ರ ಅಳಿಸಬೇಡಿ. ಈಗಿನ ಪ್ರೀಮಿಯರ್ ಪ್ರೊ ಎಡಿಟಿಂಗ್ ಸಾಫ್ಟ್‌ವೇರ್ ವೇರಿಯಬಲ್ ಕ್ಲಿಪ್ಪನ್ನ ತಾನೇ ಗುರುತು ಹಿಡಿದು ಆಡಿಯೋ ಸಿಂಕ್ ಉಳಿಸೋ ಪ್ರಯತ್ನ ಮಾಡುತ್ತೆ, ಎಫೆಕ್ಟ್ ಕಂಟ್ರೋಲ್ಸ್‌ನಲ್ಲಿ ಮೂಲ ಕ್ಲಿಪ್ ಕಡೆ ಅದರ ಆಯ್ಕೆ ಸಿಗುತ್ತೆ, ಚಿಕ್ಕ ಕ್ಲಿಪ್ಪಿಗೆ ಅದು ಸಾಕು, ಉದ್ದದ್ದಕ್ಕೆ ನಾನಂತೂ ಮೊದಲೇ ಬದಲಾಯಿಸ್ಕೊಳೋದೇ ವಾಸಿ ಅಂತೀನಿ.

ಈಗಾಗಲೇ ಕಟ್ ಮಾಡಿ ಮುಗಿಸಿದ್ರೆ ಹೊಸ ಫೈಲನ್ನ ಹಳೇದರ ಜಾಗಕ್ಕೆ ರಿಪ್ಲೇಸ್ ಮಾಡ್ಬಹುದು, ಆದ್ರೆ ಫ್ರೇಮ್‌ಗಳ ಲೆಕ್ಕ ಬದಲಾಗಿರೋದ್ರಿಂದ ಕಟ್‌ಗಳು ಒಂದೆರಡು ಪದ ಆಚೀಚೆ ಹೋಗಿರುತ್ತವೆ, ಕೂತು ಒಂದೊಂದೇ ನೋಡ್ಬೇಕು, ಬೇರೆ ದಾರಿ ಇಲ್ಲ. ಸ್ಕ್ರೀನ್ ರೆಕಾರ್ಡಿಂಗ್, ವಿಡಿಯೋ ಕಾಲ್ ರೆಕಾರ್ಡಿಂಗ್‌ಗಳಿಗೂ ಇದೇ ಮಾತು.

ಪ್ರಶ್ನೆ: ಟೈಮ್‌ಲೈನ್‌ನಲ್ಲಿ ಎಲ್ಲ ಕ್ಲಿಪ್ಪೂ ಲೇಟಾಗಿ ಕೇಳ್ಸುತ್ತೆ, ಎಲ್ಲವನ್ನೂ ಸರಿಸಿ ಎಕ್ಸ್‌ಪೋರ್ಟ್ ಮಾಡಿದ್ರೆ ಅಲ್ಲಿ ದನಿ ಮುಂಚೆನೇ ಬರುತ್ತೆ. ಹುಚ್ಚು ಹಿಡಿಯೋದೊಂದು ಬಾಕಿ.

ಉತ್ತರ: ಬ್ಲೂಟೂತ್ ಹೆಡ್‌ಫೋನ್ ಹಾಕಿದೀರಾ? ತೆಗೆದು ವೈರ್ ಇರೋದು ಹಾಕಿ. ಬ್ಲೂಟೂತ್‌ನಲ್ಲಿ ದನಿ ನೂರಿನ್ನೂರು ಮಿಲಿಸೆಕೆಂಡ್ ತಡ ಆಗೋದು ಮಾಮೂಲು, ಸಿನಿಮಾ ನೋಡೋ ಆ್ಯಪ್‌ಗಳು ಚಿತ್ರನೂ ಅಷ್ಟೇ ತಡ ಮಾಡಿ ಸರಿದೂಗಿಸ್ತವೆ, ಎಡಿಟಿಂಗ್ ಸಾಫ್ಟ್‌ವೇರ್ ಅದನ್ನ ನಂಬಿಕೆ ಇಡೋ ಹಾಗೆ ಮಾಡಲ್ಲ. ಸರಿಸಿದ್ದನ್ನೆಲ್ಲ ವಾಪಸ್ ಮೊದಲಿನ ಜಾಗಕ್ಕೆ ತನ್ನಿ.

ಪ್ರಶ್ನೆ: ಸಂಗೀತ ಕಛೇರಿ ಒಂದನ್ನ ಸಭಾಂಗಣದ ಹಿಂದಿನಿಂದ ಕ್ಯಾಮೆರಾ ಇಟ್ಟು ಶೂಟ್ ಮಾಡಿದ್ವಿ, ದನಿ ಬೇರೆ ರೆಕಾರ್ಡರ್‌ನಲ್ಲಿ ವೇದಿಕೆ ಮೇಲೆ. ವೇವ್‌ಫಾರ್ಮ್ (ದನಿಯ ಅಲೆಯ ಚಿತ್ರ) ನೋಡಿ ಆಟೋ ಸಿಂಕ್ ಮಾಡ್ದೆ, ಎರಡೂ ಆಡಿಯೋ ಪಕ್ಕಾ ಕೂತಿವೆ. ಆದ್ರೂ ಮೃದಂಗದ ಪೆಟ್ಟು ಕೈ ಬಿದ್ದ ಮೇಲೆ ಕೇಳ್ಸುತ್ತೆ. ಜೊತೆಗೆ ಒಂದೂವರೆ ಗಂಟೆ ಆದ್ಮೇಲೆ ಇನ್ನೂ ಸ್ವಲ್ಪ ಜಾರಿರುತ್ತೆ. ಎರಡೂ ಕ್ಯಾಮೆರಾ ರೆಕಾರ್ಡರ್ ಒಳ್ಳೆಯವೇ.

ಉತ್ತರ: ತುಂಬಾ ಚೆನ್ನಾಗಿರೋ ಪ್ರಶ್ನೆ, ಇಲ್ಲಿ ಎರಡು ಬೇರೆ ಬೇರೆ ಕಾಯಿಲೆ ಒಟ್ಟಿಗೆ ಇವೆ.

ಮೊದಲನೇದು ದೂರ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಅಷ್ಟೇ ಹೋಗೋದು. 30 ಫ್ರೇಮ್ ವಿಡಿಯೋದಲ್ಲಿ ಒಂದು ಫ್ರೇಮ್ ಅಂದ್ರೆ 33 ಮಿಲಿಸೆಕೆಂಡ್, ಅಷ್ಟರಲ್ಲಿ ಶಬ್ದ ಹನ್ನೊಂದು ಚಿಲ್ಲರೆ ಮೀಟರ್ ದಾಟಿರುತ್ತೆ. ನಿಮ್ಮ ಕ್ಯಾಮೆರಾ ವೇದಿಕೆಯಿಂದ 30 ಮೀಟರ್ ಹಿಂದೆ ಇತ್ತು ಅಂದ್ಕೊಳಿ, ಕ್ಯಾಮೆರಾದ ಮೈಕಿಗೆ ಮೃದಂಗ ಕೇಳಿರೋದು ಸುಮಾರು 88 ಮಿಲಿಸೆಕೆಂಡ್ ತಡವಾಗಿ, ಅಂದ್ರೆ ಎರಡೂವರೆ ಫ್ರೇಮ್. ಚಿತ್ರಕ್ಕೆ ಆ ತಡ ಇಲ್ಲ. ಆಟೋ ಸಿಂಕ್ ಏನು ಮಾಡುತ್ತೆ? ವೇದಿಕೆಯ ಶುದ್ಧ ಆಡಿಯೋವನ್ನ ಕ್ಯಾಮೆರಾದ ತಡವಾದ ಆಡಿಯೋಗೆ ಹೊಂದಿಸುತ್ತೆ. ಅಲ್ಲಿಗೆ ಒಳ್ಳೆ ಆಡಿಯೋನೂ ಎರಡೂವರೆ ಫ್ರೇಮ್ ಲೇಟು. ವೇವ್‌ಫಾರ್ಮ್ ಎಷ್ಟು ಚೆನ್ನಾಗಿ ಹೊಂದಿದ್ರೂ ಕೊನೇ ತೀರ್ಪು ಕಣ್ಣಿಂದೇ. ಕೈ ಮೃದಂಗ ಮುಟ್ಟಿದ ಫ್ರೇಮ್ ಹುಡುಕಿ, ಪೆಟ್ಟಿನ ತುದಿಯನ್ನ ಅಲ್ಲಿಗೆ ತನ್ನಿ. ಪ್ರೀಮಿಯರ್‌ನಲ್ಲಿ ಟೈಮ್‌ಲೈನ್ ಮೆನುವಲ್ಲಿ ಶೋ ಆಡಿಯೋ ಟೈಮ್ ಯೂನಿಟ್ಸ್ ಹಾಕಿದ್ರೆ ಒಂದು ಫ್ರೇಮಿಗಿಂತ ಕಮ್ಮಿ ಅಳತೆಯಲ್ಲೂ ಸರಿಸ್ಬಹುದು. ಕ್ಯಾಮೆರಾದ ಆಡಿಯೋ ಪೂರ್ತಿ ಮ್ಯೂಟ್ ಮಾಡೋದು ಮರೀಬೇಡಿ, ಎರಡೂ ಒಟ್ಟಿಗೆ ಇದ್ರೆ ಗುಹೆಯೊಳಗೆ ಕೂತ ಹಾಗೆ ಕೇಳ್ಸುತ್ತೆ.

ಇಷ್ಟೆಲ್ಲ ಸೂಕ್ಷ್ಮ ಬೇಕಾ ಅಂತ ಕೇಳೋರಿಗೆ: ಪ್ರಸಾರ ಕ್ಷೇತ್ರಕ್ಕೆ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) 1998ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ ದನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂಚೆ ಬಂದ್ರೇ ನೋಡೋರಿಗೆ ಗೊತ್ತಾಗಕ್ಕೆ ಶುರುವಾಗುತ್ತೆ, ತಡ ಆದ್ರೆ ಮಾತ್ರ 125 ತನಕ ಗೊತ್ತಾಗಲ್ಲ. ದೂರದ ಶಬ್ದ ತಡವಾಗಿ ಕೇಳೋದು ದಿನಾ ನಡೆಯೋ ವಿಷಯ, ಮುಂಚೆ ಕೇಳೋದು ಪ್ರಕೃತಿಯಲ್ಲೇ ಇಲ್ಲ. ಹಾಗಾಗಿ ಗೊಂದಲ ಇದ್ರೆ ತಡದ ಕಡೆಗೇ ಒಂಚೂರು ವಾಲಿಸಿ. ಆದ್ರೆ ತಾಳವಾದ್ಯದಲ್ಲಿ ಪೆಟ್ಟು ಅಷ್ಟು ಚುರುಕಾಗಿರೋದ್ರಿಂದ ಈ ಅಂಕಿ ನಂಬ್ಕೊಂಡು ಕೂರಬೇಡಿ, ನಿಮ್ಮ ಕಣ್ಣಿಗೇ ಕಾಣ್ತಿದೆಯಲ್ಲ.

ಎರಡನೇದು ಜಾರೋದು. ಇದು ವೇರಿಯಬಲ್ ಫ್ರೇಮ್ ರೇಟ್ ಅಲ್ಲ, ಎರಡು ಯಂತ್ರಗಳ ಒಳಗಿರೋ ಗಡಿಯಾರ ಬೇರೆ ಬೇರೆ ಆಗಿರೋದ್ರ ಫಲ. ಎರಡೂ 48 ಕಿಲೋಹರ್ಟ್ಸ್ (ಸೆಕೆಂಡಿಗೆ 48,000 ಸಲ ದನಿಯ ಅಳತೆ) ಅಂತಾವೆ, ಆದ್ರೆ ಒಂದರ 48,000 ಇನ್ನೊಂದರ 48,002 ಆಗಿರಬಹುದು. ಹತ್ತು ಲಕ್ಷಕ್ಕೆ 50 ವ್ಯತ್ಯಾಸ ಇದ್ರೆ ಗಂಟೆಗೆ 0.18 ಸೆಕೆಂಡ್, 30 ಫ್ರೇಮ್ ಲೆಕ್ಕದಲ್ಲಿ ಐದು ಫ್ರೇಮ್ ಹತ್ತಿರ. ಯಂತ್ರ ಒಳ್ಳೇದಿದ್ರೂ ಇದು ಪೂರ್ತಿ ಸೊನ್ನೆ ಆಗಲ್ಲ. ದೊಡ್ಡ ಶೂಟಿಂಗ್‌ನಲ್ಲಿ ಎಲ್ಲ ಯಂತ್ರಕ್ಕೂ ಒಂದೇ ಗಡಿಯಾರದ ಸಿಗ್ನಲ್ ಕೊಡ್ತಾರೆ, ನಮಗೆ ಅದು ದೂರದ ಮಾತು. ಸುಲಭ ಉಪಾಯ ಏನಂದ್ರೆ ಕೃತಿ ಮುಗಿದು ಚಪ್ಪಾಳೆ ಬೀಳೋ ಜಾಗದಲ್ಲೆಲ್ಲ ಆಡಿಯೋ ಕಟ್ ಮಾಡಿ ಪ್ರತಿ ತುಂಡನ್ನೂ ಹೊಸದಾಗಿ ಸಿಂಕ್ ಮಾಡೋದು, ಎಂಟ್ಹತ್ತು ನಿಮಿಷದ ತುಂಡಿಗೆ ಜಾರಿದ್ದು ಗೊತ್ತೇ ಆಗಲ್ಲ. ಒಂದೇ ಉದ್ದ ರಾಗ, ಕಟ್ ಮಾಡೋ ಹಾಗೇ ಇಲ್ಲ ಅಂದ್ರೆ ಶುರುವಲ್ಲೊಂದು ಕೊನೇಲೊಂದು ಗುರುತು ಇಟ್ಕೊಂಡು ಆಡಿಯೋ ವೇಗ 99.99 ಅಥವಾ 100.01 ಥರ ಬದಲಾಯಿಸಿ, ಶ್ರುತಿ ವ್ಯತ್ಯಾಸ ಯಾವ ವಿದ್ವಾಂಸರ ಕಿವಿಗೂ ಸಿಗಲ್ಲ. ಮುಂದಿನ ಸಲ ರೆಕಾರ್ಡಿಂಗ್ ಶುರುವಲ್ಲೂ ಕೊನೆಯಲ್ಲೂ ಕ್ಯಾಮೆರಾಕ್ಕೆ ಕಾಣೋ ಹಾಗೆ ಒಂದು ಚಪ್ಪಾಳೆ ತಟ್ಟಿಸಿ.

ಪ್ರಶ್ನೆ: ಹೊಸ ಪಿಸಿ, ಒಳ್ಳೆ ಗ್ರಾಫಿಕ್ಸ್ ಕಾರ್ಡ್, 32 ಜಿಬಿ ರ‍್ಯಾಮ್. ಕ್ಯಾಮೆರಾದ 4ಕೆ ಫೈಲ್ ವಿಎಲ್‌ಸಿಯಲ್ಲಿ ನೀರಿನ ಹಾಗೆ ಓಡುತ್ತೆ, ಎಡಿಟಿಂಗ್‌ನಲ್ಲಿ ಮಾತ್ರ ತಡವರಿಸುತ್ತೆ, ಸ್ಕ್ರಬ್ ಮಾಡಿದ್ರೆ (ಟೈಮ್‌ಲೈನ್‌ನಲ್ಲಿ ಹಿಂದೆ ಮುಂದೆ ಎಳೆದ್ರೆ) ಅಂತೂ ನಿಂತೇ ಹೋಗುತ್ತೆ. ಇಷ್ಟು ದುಡ್ಡು ಹಾಕಿ ಏನು ಬಂತು?

ಉತ್ತರ: ದುಡ್ಡು ವ್ಯರ್ಥ ಆಗಿಲ್ಲ, ಫೈಲ್ ಥರ ಬೇರೆ ಅಷ್ಟೇ. ಕ್ಯಾಮೆರಾಗಳು, ಫೋನ್‌ಗಳು ಬಳಸೋ ಎಚ್.264 ಮತ್ತು ಎಚ್.265 ಕೋಡೆಕ್‌ಗಳು (ವಿಡಿಯೋನ ಒತ್ತಿ ಚಿಕ್ಕದು ಮಾಡೋ ವಿಧಾನಗಳು) ಹುಟ್ಟಿದ್ದೇ ಕಮ್ಮಿ ಜಾಗದಲ್ಲಿ ಒಳ್ಳೆ ಚಿತ್ರ ಕಳಿಸಕ್ಕೆ, ಮೊದಲನೇದು 2003ರಲ್ಲಿ, ಎರಡನೇದು 2013ರಲ್ಲಿ ಬಂತು. ಎಡಿಟಿಂಗ್ ಅವುಗಳ ತಲೆಯಲ್ಲಿ ಇರಲಿಲ್ಲ. ಇವು ಪ್ರತಿ ಫ್ರೇಮನ್ನೂ ಪೂರ್ತಿ ಇಟ್ಟಿರಲ್ಲ, ಎಷ್ಟೋ ಫ್ರೇಮಿಗೊಂದು ಪೂರ್ತಿ ಚಿತ್ರ, ನಡುವೆ ಇರೋವೆಲ್ಲ ಹಿಂದಿನ ಮುಂದಿನ ಫ್ರೇಮಿಗಿಂತ ಏನು ಬದಲಾಯ್ತು ಅನ್ನೋ ಟಿಪ್ಪಣಿ ಮಾತ್ರ. ಪತ್ರಿಕೆಯ ಧಾರಾವಾಹಿ ಇದ್ದ ಹಾಗೆ, ಹನ್ನೆರಡನೇ ಕಂತು ಅರ್ಥ ಆಗ್ಬೇಕು ಅಂದ್ರೆ ಮೊದಲಿಂದ ಓದ್ಕೊಂಡು ಬರಬೇಕು. ವಿಎಲ್‌ಸಿ ಸಾಲಾಗಿ ಓದ್ತಾ ಹೋಗುತ್ತೆ, ಅದಕ್ಕೇನು ಕಷ್ಟ ಇಲ್ಲ. ನೀವು ಟೈಮ್‌ಲೈನ್‌ನಲ್ಲಿ ಮನಸ್ಸಿಗೆ ಬಂದ ಕಡೆ ಹಾರ್ತೀರಿ, ಹಿಂದಕ್ಕೆ ಎಳೀತೀರಿ, ಮೇಲೊಂದು ಕೆಳಗೊಂದು ಕ್ಲಿಪ್ ಇಟ್ಟಿರ್ತೀರಿ, ಪ್ರತಿ ಸಲನೂ ಹಿಂದಿನ ಪೂರ್ತಿ ಫ್ರೇಮ್ ಹುಡುಕಿ ಅಲ್ಲಿಂದ ಬಿಡಿಸ್ಕೊಂಡು ಬರಬೇಕು. ಹಾಗಾಗಿ ವಿಎಲ್‌ಸಿಯಲ್ಲಿ ಚೆನ್ನಾಗಿ ಓಡೋದು ಫೈಲ್ ಕೆಟ್ಟಿಲ್ಲ ಅನ್ನೋದಕ್ಕೆ ಸಾಕ್ಷಿ, ಎಡಿಟಿಂಗ್‌ಗೆ ಹಗುರ ಅನ್ನೋದಕ್ಕಲ್ಲ.

ಗ್ರಾಫಿಕ್ಸ್ ಕಾರ್ಡ್ ವಿಷಯಕ್ಕೆ ಬಂದ್ರೆ, ಈ ಬಿಡಿಸೋ ಕೆಲಸಕ್ಕೆ ಅದರೊಳಗೆ ಬೇರೇನೇ ಒಂದು ಚಿಕ್ಕ ಭಾಗ ಇರುತ್ತೆ, ಅದಕ್ಕೆ ಕೆಲವು ಥರದ ಫೈಲ್ ಅಷ್ಟೇ ಬರುತ್ತೆ. ನಿಮ್ಮ ಕ್ಯಾಮೆರಾ 4:2:2 10 ಬಿಟ್ ಎಚ್.265 (ಬಣ್ಣದ ವಿವರ ಜಾಸ್ತಿ ಇಡೋ ಥರ) ಕೊಡ್ತಿದ್ಯಾ ಅಂತ ಮೀಡಿಯಾಇನ್ಫೋದಲ್ಲಿ ನೋಡಿ. ಹೌದು ಅಂತಾದ್ರೆ ಉತ್ತರ ಬಹುಶಃ ಅಲ್ಲೇ ಇದೆ. ಎನ್‌ವಿಡಿಯಾ ಕಾರ್ಡ್‌ಗಳಲ್ಲಿ ಇದನ್ನ ಬಿಡಿಸೋ ಹಾರ್ಡ್‌ವೇರ್ ಬಂದಿದ್ದೇ 2025ರ 50 ಸೀರೀಸ್‌ನಿಂದ, ಅದಕ್ಕಿಂತ ಹಿಂದಿನ ಎಷ್ಟೇ ದುಬಾರಿ ಕಾರ್ಡಾದ್ರೂ ಭಾರ ಪೂರ್ತಿ ಪ್ರೊಸೆಸರ್ ಮೇಲೆ. ತಮಾಷೆ ಅಂದ್ರೆ ಇಂಟೆಲ್ 11ನೇ ಪೀಳಿಗೆಯಿಂದ ಪ್ರೊಸೆಸರ್ ಒಳಗಿನ ಸಾಧಾರಣ ಗ್ರಾಫಿಕ್ಸ್‌ಗೇ ಇದು ಬರುತ್ತೆ, ಆ್ಯಪಲ್ ಎಂ1ಗೂ ಬರುತ್ತೆ. ನಿಮ್ಮದು ಅಂಥ ಇಂಟೆಲ್ ಪ್ರೊಸೆಸರ್ ಆಗಿದ್ದು ಬಯಾಸ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಆಫ್ ಆಗಿದ್ರೆ ಆನ್ ಮಾಡಿ. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್, ಮೀಡಿಯಾ ಒಳಗೆ ಹಾರ್ಡ್‌ವೇರ್ ಡಿಕೋಡಿಂಗ್ ಟಿಕ್ ಇದ್ಯಾ, ಡಾವಿಂಚಿ ರಿಸಾಲ್ವ್‌ನಲ್ಲಿ ಡಿಕೋಡ್ ಆಪ್ಷನ್ಸ್ ಸರಿ ಇದ್ಯಾ ಅಂತಾನೂ ನೋಡಿ.

ಪ್ಲೇಬ್ಯಾಕ್ ರೆಸಲ್ಯೂಷನ್ ಅರ್ಧ, ಕಾಲು ಮಾಡಿ ಅಂತ ಎಲ್ಲರೂ ಹೇಳ್ತಾರೆ. ಮಾಡಿ, ಎಫೆಕ್ಟ್ ಜಾಸ್ತಿ ಇದ್ರೆ ಒಳ್ಳೆ ಉಪಯೋಗ ಇದೆ, ಆದ್ರೆ ಎಚ್.265 ಬಿಡಿಸೋ ಭಾರ ಅದರಿಂದ ಅಷ್ಟಾಗಿ ಇಳಿಯಲ್ಲ.

ನಿಜವಾದ ಮದ್ದು ಪ್ರಾಕ್ಸಿ. ಪ್ರತಿ ಕ್ಲಿಪ್ಪಿಗೂ ಒಂದು ಚಿಕ್ಕ ನಕಲು, ಪ್ರೋರೆಸ್ ಪ್ರಾಕ್ಸಿ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿಯಲ್ಲಿ. ಇವುಗಳಲ್ಲಿ ಪ್ರತಿ ಫ್ರೇಮೂ ಪೂರ್ತಿ ಇರೋದ್ರಿಂದ ಎಲ್ಲಿಗೆ ಬೇಕಾದ್ರೂ ಹಾರ್ಬಹುದು. ಪ್ರೀಮಿಯರ್‌ನಲ್ಲಿ ಕ್ಲಿಪ್ ಮೇಲೆ ರೈಟ್ ಕ್ಲಿಕ್, ಪ್ರಾಕ್ಸಿ, ಕ್ರಿಯೇಟ್ ಪ್ರಾಕ್ಸೀಸ್, ರಿಸಾಲ್ವ್‌ನಲ್ಲಿ ಜನರೇಟ್ ಪ್ರಾಕ್ಸಿ ಮೀಡಿಯಾ. ರಾತ್ರಿ ಹಾಕಿ ಮಲಗಿ. ಹೊರಗಡೆ ಬೇರೆ ಸಾಫ್ಟ್‌ವೇರ್‌ನಲ್ಲಿ ಪ್ರಾಕ್ಸಿ ಮಾಡ್ತೀನಿ ಅನ್ನೋರು ಆಡಿಯೋ ಚಾನೆಲ್ ಸಂಖ್ಯೆ ಮೂಲದಷ್ಟೇ ಇರೋ ಹಾಗೆ ನೋಡ್ಕೊಳಿ, ಇಲ್ಲದಿದ್ರೆ ಪ್ರೀಮಿಯರ್ ತಗಾದೆ ತೆಗೆಯುತ್ತೆ. ಎಕ್ಸ್‌ಪೋರ್ಟ್ ಮೂಲ ಫೈಲ್‌ನಿಂದಲೇ ಆಗುತ್ತೆ, ಯೂಸ್ ಪ್ರಾಕ್ಸಿ ಅನ್ನೋ ಟಿಕ್ ಮಾತ್ರ ಬಿದ್ದಿರಬಾರದು. ಎಕ್ಸ್‌ಪೋರ್ಟ್ ಮಸುಕು ಮಸುಕಾಗಿ ಬಂತು ಅಂತ ಬರೆದಿರೋ ಇನ್ನೊಬ್ಬರೂ ಈ ಟಿಕ್ ನೋಡಿ.

ಪ್ರಶ್ನೆ: ನೀವು ಹಿಂದೆ ಹೇಳಿದ ಹಾಗೆ ಪ್ರೋರೆಸ್ ಮಾಡ್ಕೊಂಡೆ, ಈಗ ಮುಂಚಿಗಿಂತ ಜಾಸ್ತಿ ತಡವರಿಸ್ತಿದೆ. ಫೈಲ್ ಎಲ್ಲ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಲ್ಲಿ ಇವೆ.

ಉತ್ತರ: ಪ್ರೋರೆಸ್ 422 ಎಚ್‌ಕ್ಯೂ, ಅದೂ 4ಕೆಯಲ್ಲಿ ಮಾಡಿರ್ತೀರಿ ಅಲ್ವಾ. ಆ್ಯಪಲ್ ಕೊಟ್ಟಿರೋ ಲೆಕ್ಕದಲ್ಲಿ 3840ರ ಚಿತ್ರಕ್ಕೆ 29.97 ಫ್ರೇಮ್‌ನಲ್ಲಿ ಅದು ಸೆಕೆಂಡಿಗೆ 884 ಮೆಗಾಬಿಟ್, ಎಂಟರಿಂದ ಭಾಗಿಸಿದ್ರೆ 110 ಮೆಗಾಬೈಟ್. ತಿರುಗೋ ಹಾರ್ಡ್ ಡಿಸ್ಕ್ ಒಂದು ಕ್ಲಿಪ್ಪಿಗೇ ಏದುಸಿರು ಬಿಡುತ್ತೆ, ಎರಡು ಲೇಯರ್ ಇಟ್ರೆ ಕೈ ಚೆಲ್ಲುತ್ತೆ. ಹಳೇ ಯುಎಸ್‌ಬಿ 2 ಪೋರ್ಟಿಗೆ ಚುಚ್ಚಿದ್ರೆ ಸೆಕೆಂಡಿಗೆ ಮೂವತ್ತು ನಲವತ್ತು ಮೆಗಾಬೈಟ್ ದಾಟಲ್ಲ, ಡಿಸ್ಕ್ ಎಷ್ಟೇ ಒಳ್ಳೇದಿರ್ಲಿ. ಮೊದಲು ಪ್ರೊಸೆಸರ್‌ಗೆ ಬೀಳ್ತಿದ್ದ ಭಾರ ಈಗ ಡಿಸ್ಕಿಗೆ ಬಿದ್ದಿದೆ ಅಷ್ಟೇ. 1080ರ ಪ್ರೋರೆಸ್ ಪ್ರಾಕ್ಸಿ ಆದ್ರೆ 45 ಮೆಗಾಬಿಟ್, ಆರು ಮೆಗಾಬೈಟೂ ಇಲ್ಲ, ಅದನ್ನೇ ಮಾಡ್ಕೊಳಿ. ಪ್ರಾಕ್ಸಿ ಮತ್ತು ಕ್ಯಾಶ್ (ಸಾಫ್ಟ್‌ವೇರ್ ತನ್ನ ಅನುಕೂಲಕ್ಕೆ ಮಾಡ್ಕೊಳೋ ತಾತ್ಕಾಲಿಕ ಫೈಲ್‌ಗಳು) ಎಸ್‌ಎಸ್‌ಡಿಯಲ್ಲಿ, ಮೂಲ ಫೈಲ್ ಹಾರ್ಡ್ ಡಿಸ್ಕಲ್ಲಿ, ಹೀಗೆ ಹಂಚಿದ್ರೆ ಸಾಕು.

ಪ್ರಶ್ನೆ: ಓಬಿಎಸ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಎರಡು ಗಂಟೆ ಪಾಠ ರೆಕಾರ್ಡ್ ಮಾಡ್ತಿದ್ದಾಗ ಕರೆಂಟ್ ಹೋಯ್ತು. ಎಂಪಿ4 ಫೈಲ್ ಇದೆ, ಸೈಜೂ ಇದೆ, ಯಾವುದರಲ್ಲೂ ತೆರೆಯಲ್ಲ. ಹೋಯ್ತು ಅಂತ್ಲೇ ಲೆಕ್ಕಾನಾ ಮೇಡಂ ಅಥವಾ ಸರ್?

ಉತ್ತರ: ಯಾರಾದ್ರೂ ಸರಿ, ಉತ್ತರ ಒಂದೇ! ಮಾಮೂಲಿ ಎಂಪಿ4ನಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನೋ ಸೂಚಿಯನ್ನ ರೆಕಾರ್ಡಿಂಗ್ ನಿಲ್ಲಿಸಿದಾಗ ಬರೆಯೋದು. ಮಧ್ಯದಲ್ಲಿ ಕರೆಂಟ್ ಹೋದ್ರೆ ಚಿತ್ರ ದನಿ ಎಲ್ಲ ಒಳಗಿದ್ರೂ ಸೂಚಿ ಇಲ್ಲದೆ ಅದು ಬರೀ ರಾಶಿ. ಅನ್‌ಟ್ರಂಕ್ ಅನ್ನೋ ಉಚಿತ ಸಾಧನ ಇದೆ, ಅದೇ ಸೆಟ್ಟಿಂಗ್‌ನಲ್ಲಿ ಮಾಡಿದ ಒಂದು ಸರಿ ಇರೋ ಫೈಲನ್ನ ಮಾದರಿಯಾಗಿ ಕೊಟ್ರೆ ಕೆಟ್ಟಿದ್ದಕ್ಕೆ ಸೂಚಿ ಕಟ್ಟಿ ಕೊಡಕ್ಕೆ ನೋಡುತ್ತೆ. ಎಷ್ಟೋ ಸಲ ಕೆಲಸ ಮಾಡುತ್ತೆ, ಗ್ಯಾರಂಟಿ ಕೊಡಕ್ಕಾಗಲ್ಲ. ಫೈಲಿನ ನಕಲು ಮಾಡ್ಕೊಂಡು ನಕಲಿನ ಮೇಲೆ ಪ್ರಯತ್ನ ಮಾಡಿ.

ಮುಂದಕ್ಕೆ ಎಂಕೆವಿಯಲ್ಲಿ ರೆಕಾರ್ಡ್ ಮಾಡಿ, ಅದು ನಡುವೆ ನಿಂತ್ರೂ ಅಲ್ಲಿ ತನಕ ಇರೋದು ಸಿಗುತ್ತೆ. ಎಡಿಟಿಂಗ್ ಸಾಫ್ಟ್‌ವೇರ್ ಎಂಕೆವಿ ಒಪ್ಪದಿದ್ರೆ ಓಬಿಎಸ್‌ನ ಫೈಲ್ ಮೆನುವಲ್ಲೇ ರೀಮಕ್ಸ್ ರೆಕಾರ್ಡಿಂಗ್ಸ್ ಇದೆ. ಎಂಕೆವಿ, ಎಂಪಿ4, ಎಂಓವಿ ಇವೆಲ್ಲ ಹೊರಗಿನ ಡಬ್ಬಿ, ಒಳಗಿನ ಕೋಡೆಕ್ ಬೇರೆ. ರೀಮಕ್ಸ್ ಅಂದ್ರೆ ಒಳಗಿರೋದನ್ನ ಮುಟ್ಟದೆ ಡಬ್ಬಿ ಬದಲಾಯಿಸೋದು, ಕ್ವಾಲಿಟಿ ಒಂಚೂರೂ ಹೋಗಲ್ಲ, ಫೈಲ್ ಕಾಪಿ ಮಾಡೋಷ್ಟೇ ಹೊತ್ತು. ಫೈಲ್ ಹೆಸರಿನ ಬಾಲ ಮಾತ್ರ ಬದಲಾಯಿಸಿ ಎಂಪಿ4 ಮಾಡ್ದೆ ಅನ್ನೋರು ಇದಾರೆ, ಅದು ಮಾಡಿದ ಹಾಗಲ್ಲ.

ಪ್ರಶ್ನೆ: ಹೆಡ್‌ಫೋನಲ್ಲಿ ಮಾತು ಕೇಳುತ್ತೆ, ಸ್ವಲ್ಪ ತಲೆ ಸುತ್ತಲೂ ಹರಡಿದ ಹಾಗೆ. ಅದೇ ವಿಡಿಯೋನ ಫೋನ್ ಸ್ಪೀಕರ್‌ನಲ್ಲಿ ಹಾಕಿದ್ರೆ ಮಾತೇ ಮಾಯ, ಮ್ಯೂಸಿಕ್ ಮಾತ್ರ ಇದೆ. ಎಕ್ಸ್‌ಪೋರ್ಟ್ ಸೆಟ್ಟಿಂಗ್ ಎಲ್ಲ ಬದಲಾಯಿಸಿ ನೋಡಿದೆ.

ಉತ್ತರ: ಎಕ್ಸ್‌ಪೋರ್ಟ್ ಪಾಪ ಏನೂ ಮಾಡಿಲ್ಲ. ಎಡ ಬಲ ಚಾನೆಲ್‌ಗಳಲ್ಲಿ ಒಂದೇ ಮಾತು ಒಂದಕ್ಕೊಂದು ತಿರುಗುಮುರುಗಾಗಿ ಕೂತಿದೆ, ಒಂದರ ಅಲೆ ಮೇಲೆ ಹೋದಾಗ ಇನ್ನೊಂದರದ್ದು ಕೆಳಗೆ. ಒಂದೇ ಸ್ಪೀಕರ್‌ನಲ್ಲಿ ಎರಡನ್ನೂ ಕೂಡಿಸಿದ ತಕ್ಷಣ ಸೊನ್ನೆ. ಬ್ಯಾಲೆನ್ಸ್ಡ್ ಮೈಕನ್ನ (ಒಂದೇ ದನಿಯನ್ನ ಎರಡು ತಂತಿಯಲ್ಲಿ ತಿರುಗುಮುರುಗಾಗಿ ಕಳಿಸೋದು) ತಪ್ಪು ಕೇಬಲ್‌ನಿಂದ ಕ್ಯಾಮೆರಾದ ಸ್ಟೀರಿಯೋ ಜಾಕಿಗೆ ಹಾಕಿದಾಗ ಹೀಗಾಗುತ್ತೆ. ವೇವ್‌ಫಾರ್ಮ್ ದೊಡ್ಡದು ಮಾಡಿ ನೋಡಿ, ಕನ್ನಡಿಯಲ್ಲಿ ನೋಡಿದ ಹಾಗೆ ಕಾಣುತ್ತೆ. ಪ್ರೀಮಿಯರ್‌ನಲ್ಲಿ ಫಿಲ್ ರೈಟ್ ವಿತ್ ಲೆಫ್ಟ್ ಎಫೆಕ್ಟ್ ಹಾಕಿ, ಬೇರೆ ಕಡೆ ಕ್ಲಿಪ್ಪಿನ ಆಡಿಯೋ ಆಯ್ಕೆಯಲ್ಲಿ ಎಡ ಚಾನೆಲ್ ಮಾತ್ರ ಮೋನೋ ಆಗಿ ತಗೊಳಿ. ಆಮೇಲೆ ಆ ಕೇಬಲ್ ಮೇಲೆ ಒಂದು ಗುರುತು ಹಾಕಿಡಿ.

ಪ್ರಶ್ನೆ: ಹಾಡಿನ ಆಡಿಯೋ ಹಾಕಿದ್ರೆ ಗಾಯಕಿ ಮಗು ಥರ ಕೇಳ್ತಾರೆ, ಬೇಗನೂ ಮುಗಿಯುತ್ತೆ.

ಉತ್ತರ: 44.1 ಕಿಲೋಹರ್ಟ್ಸ್ ಫೈಲನ್ನ ಎಲ್ಲೋ 48 ಅಂತ ಓದ್ತಿದಾರೆ. ವೇಗ ಶೇ 8.8 ಜಾಸ್ತಿ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೆ, ಹತ್ತು ನಿಮಿಷದ್ದು 9 ನಿಮಿಷ 11 ಸೆಕೆಂಡಿಗೆ ಮುಗಿಯುತ್ತೆ. ನಿಮ್ಮ ಲೆಕ್ಕಕ್ಕೆ ಇದು ಹೊಂದಿದ್ರೆ ಆಡಾಸಿಟಿಯಲ್ಲಿ ತೆರೆದು ಸರಿ ಕೇಳುತ್ತಾ ನೋಡಿ, 48ಕ್ಕೆ ಎಕ್ಸ್‌ಪೋರ್ಟ್ ಮಾಡಿ ತನ್ನಿ. ವಿಡಿಯೋ ಪ್ರಾಜೆಕ್ಟ್‌ಗಳಲ್ಲಿ ಎಲ್ಲ ಆಡಿಯೋನೂ 48 ಇಟ್ಕೊಳೋದು ಒಳ್ಳೆ ಅಭ್ಯಾಸ.

ಪ್ರಶ್ನೆ: ಟೈಮ್‌ಲೈನ್‌ನಲ್ಲಿ ಸರಿಯಾಗಿ ಒಂದು ಗಂಟೆ ಅಂತ ತೋರಿಸ್ತಿದೆ, ಎಕ್ಸ್‌ಪೋರ್ಟ್ ಆದ ಫೈಲ್ ಒಂದು ಗಂಟೆ ಮೂರೂವರೆ ಸೆಕೆಂಡ್ ಚಿಲ್ಲರೆ. ಎಲ್ಲಿಂದ ಬಂತು?

ಉತ್ತರ: ಎಲ್ಲಿಂದಲೂ ಬಂದಿಲ್ಲ. ನಿಮ್ಮದು 29.97 ಟೈಮ್‌ಲೈನ್, ನಾನ್ ಡ್ರಾಪ್ ಟೈಮ್‌ಕೋಡ್ (ಫ್ರೇಮ್‌ಗಳಿಗೆ ಹಾಕೋ ಸಮಯದ ಸಂಖ್ಯೆ). ಅದು 30 ಫ್ರೇಮ್ ಎಣಿಸಿ ಒಂದು ಸೆಕೆಂಡ್ ಅನ್ನುತ್ತೆ, ನಿಜದಲ್ಲಿ 30 ಫ್ರೇಮ್ ಓಡಕ್ಕೆ ಒಂದು ಸೆಕೆಂಡಿಗಿಂತ ಸಾವಿರದಲ್ಲೊಂದು ಪಾಲು ಜಾಸ್ತಿ ಬೇಕು, ಗಂಟೆಗೆ 3.6 ಸೆಕೆಂಡ್. 1953ರಲ್ಲಿ ಅಮೆರಿಕದ ಕಲರ್ ಟಿವಿಗಾಗಿ ಮಾಡಿದ ಹೊಂದಾಣಿಕೆ ಇದು, ಇವತ್ತಿಗೂ ನಮ್ಮ ತಲೆ ತಿನ್ತಿದೆ. ಡ್ರಾಪ್ ಫ್ರೇಮ್ ಟೈಮ್‌ಕೋಡ್ ಮಾಡಿದ್ರೆ ಕೆಲವು ಸಂಖ್ಯೆಗಳನ್ನ ಹಾರಿಸಿ ಗಡಿಯಾರಕ್ಕೆ ಹೊಂದಿಸುತ್ತೆ. ಚಿತ್ರದ ಫ್ರೇಮ್ ಒಂದೂ ಹೋಗಲ್ಲ, ಭಯ ಬೇಡ.

ಪ್ರಶ್ನೆ: ಐಫೋನ್ ವಿಡಿಯೋ ಫೋನಲ್ಲಿ ಚೆನ್ನಾಗಿದೆ, ಎಡಿಟಿಂಗ್‌ನಲ್ಲಿ ಆಕಾಶ ಮುಖ ಎಲ್ಲ ಬೆಳ್ಳಗೆ ಉರಿದು ಹೋಗಿದೆ.

ಉತ್ತರ: ಎಚ್‌ಡಿಆರ್, ಅಂದ್ರೆ ಬೆಳಕು ನೆರಳಿನ ವ್ಯಾಪ್ತಿ ಜಾಸ್ತಿ ಇರೋ ವಿಡಿಯೋ. 2020ರ ಐಫೋನ್ 12ರಿಂದ ಡಾಲ್ಬಿ ವಿಷನ್ ಎಚ್‌ಡಿಆರ್‌ನಲ್ಲಿ ರೆಕಾರ್ಡ್ ಆಗುತ್ತೆ, ನಿಮ್ಮ ಟೈಮ್‌ಲೈನ್ ಸಾದಾ ರೆಕ್ 709 (ಮಾಮೂಲಿ ಎಚ್‌ಡಿ ಬಣ್ಣದ ಮಾನದಂಡ). ಬ್ರೈಟ್‌ನೆಸ್ ಇಳಿಸಿ ಸರಿ ಮಾಡಕ್ಕೆ ಹೋಗಬೇಡಿ, ಬಣ್ಣ ಸತ್ತ ಹಾಗಾಗುತ್ತೆ. ಪ್ರೀಮಿಯರ್‌ನ ಸೀಕ್ವೆನ್ಸ್ ಸೆಟ್ಟಿಂಗ್‌ನಲ್ಲಿ ಆಟೋ ಟೋನ್ ಮ್ಯಾಪ್ ಮೀಡಿಯಾ ಆನ್ ಮಾಡಿ, ರಿಸಾಲ್ವ್‌ನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಆನ್ ಮಾಡಿ ಔಟ್‌ಪುಟ್ 709 ಇಡಿ. ಎಚ್‌ಡಿಆರ್ ಬೇಡವೇ ಬೇಡ ಅನ್ನೋರು ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ರೆಕಾರ್ಡ್ ವಿಡಿಯೋ ಒಳಗೆ ಎಚ್‌ಡಿಆರ್ ವಿಡಿಯೋ ಆಫ್ ಮಾಡಿದ್ರೆ ಆಯ್ತು.

ಪ್ರಶ್ನೆ: ಉದ್ದದ ಭಾಷಣನ ಕ್ಯಾಮೆರಾ ನಾಲ್ಕು ನಾಲ್ಕು ಜಿಬಿಯ ತುಂಡು ಮಾಡಿದೆ. ಸೇರಿಸಿದ್ರೆ ಕೀಲು ಕೀಲಿಗೂ ಚಿಕ್ಕ ಟಕ್ ಅನ್ನುತ್ತೆ.

ಉತ್ತರ: ಕಾರ್ಡಿನ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ ಒಂದು ಫೈಲ್ 4 ಜಿಬಿ ದಾಟಕ್ಕಾಗಲ್ಲ, ಅದಕ್ಕೆ ಕ್ಯಾಮೆರಾ ಮುರಿಯೋದು. ತುಂಡುಗಳನ್ನ ಮಾತ್ರ ಹೆಕ್ಕಿ ಕಾಪಿ ಮಾಡಿದ್ರಿ ಅನ್ಸುತ್ತೆ. ಕಾರ್ಡಿನ ಪೂರ್ತಿ ಫೋಲ್ಡರನ್ನ, ಒಳಗಿನ ಅರ್ಥ ಆಗದ ಚಿಕ್ಕ ಫೈಲ್‌ಗಳ ಸಮೇತ, ಹಾಗ್ಹಾಗೇ ತಂದು ಪ್ರೀಮಿಯರ್‌ನ ಮೀಡಿಯಾ ಬ್ರೌಸರ್‌ನಿಂದ ಒಳಗೆ ತಗೊಳಿ, ಎವಿಸಿಎಚ್‌ಡಿಯಂಥ ಫೈಲಾದ್ರೆ ಅದು ಎಲ್ಲವನ್ನೂ ಒಂದೇ ಕ್ಲಿಪ್ ಮಾಡಿ ತೋರಿಸುತ್ತೆ. ಕಾರ್ಡ್ ಆಗಲೇ ಅಳಿಸಿದ್ರೆ ಕೀಲಿನ ಹತ್ತಿರ ಎರಡು ಫ್ರೇಮ್ ಆಡಿಯೋ ಕ್ರಾಸ್‌ಫೇಡ್ (ಒಂದು ದನಿ ಇಳೀತಾ ಇನ್ನೊಂದು ಏರೋದು) ಕೊಡಿ, ಟಕ್ ಹೋಗುತ್ತೆ.

ಪ್ರಶ್ನೆ: ಬೇರೆ ಕ್ಲಿಪ್ಪಿನ ಹಳೇ ಆಡಿಯೋ ಈ ಕ್ಲಿಪ್ಪಲ್ಲಿ ಕೇಳ್ತಿದೆ. ದೆವ್ವನಾ?

ಉತ್ತರ: ಕ್ಯಾಶ್. ಪ್ರೀಮಿಯರ್ ಮುಚ್ಚಿ ಮತ್ತೆ ತೆರೆದು, ಪ್ರಾಜೆಕ್ಟ್ ಲೋಡ್ ಮಾಡದೆ ಪ್ರಿಫರೆನ್ಸಸ್‌ನಲ್ಲಿ ಮೀಡಿಯಾ ಕ್ಯಾಶ್ ಡಿಲೀಟ್ ಮಾಡಿ. ಅದು ಸಾಫ್ಟ್‌ವೇರ್ ತಾನೇ ಮಾಡ್ಕೊಂಡ ಫೈಲ್, ನಿಮ್ಮ ಮೂಲ ವಿಡಿಯೋಗೆ ಏನೂ ಆಗಲ್ಲ. ಒಂದೇ ಹೆಸರಿನ ಫೈಲ್‌ಗಳು ಬೇರೆ ಬೇರೆ ಫೋಲ್ಡರ್‌ನಲ್ಲಿ ಇದ್ರೆ ಹೆಸರು ಬದಲಾಯಿಸಿ, ಆದ್ರೆ ಎಡಿಟ್ ಶುರು ಮಾಡೋ ಮುಂಚೆ.

ಪ್ರಶ್ನೆ: ರಿಸಾಲ್ವ್‌ನಲ್ಲಿ 24ರಲ್ಲಿ ಶುರು ಮಾಡಿ ಅರ್ಧ ಎಡಿಟ್ ಆಗಿದೆ. ಕ್ಲಿಪ್ ಎಲ್ಲ 30ರವು, ನಡೆಯೋರು ಜರ್ಕ್ ಹೊಡೀತಾರೆ. ಫ್ರೇಮ್ ರೇಟ್ ಬದಲಾಯಿಸೋಣ ಅಂದ್ರೆ ಬಟನ್ನೇ ಬೂದಿ ಬಣ್ಣ.

ಉತ್ತರ: ಮೀಡಿಯಾ ಒಳಗೆ ತಂದ ಮೇಲೆ ರಿಸಾಲ್ವ್ ಪ್ರಾಜೆಕ್ಟಿನ ಫ್ರೇಮ್ ರೇಟ್ ಬೀಗ ಹಾಕಿಬಿಡುತ್ತೆ. 30ನ್ನ 24ಕ್ಕೆ ತರಕ್ಕೆ ಐದರಲ್ಲೊಂದು ಫ್ರೇಮ್ ಬಿಡಬೇಕು, ಆ ಬಿಟ್ಟಿದ್ದೇ ಜರ್ಕ್. ಹೊಸ ಟೈಮ್‌ಲೈನ್ ಮಾಡ್ವಾಗ ಯೂಸ್ ಪ್ರಾಜೆಕ್ಟ್ ಸೆಟ್ಟಿಂಗ್ಸ್ ಟಿಕ್ ತೆಗೆದು 30 ಇಡಿ, ಹಳೇ ಎಡಿಟ್ ಅದಕ್ಕೆ ಕಾಪಿ ಮಾಡಿ. ಕಟ್‌ಗಳು ಒಂದೊಂದು ಫ್ರೇಮ್ ಆಚೀಚೆ ಆಗಿರಬಹುದು, ಮ್ಯೂಸಿಕ್ ತಾಳಕ್ಕೆ ಕಟ್ ಮಾಡಿರೋ ಜಾಗಗಳನ್ನ ಮೊದಲು ನೋಡಿ, ಮಿಕ್ಕಿದ್ದು ಆಮೇಲೆ. 24 ಬೇಕೇ ಬೇಕು ಅಂದ್ರೆ ಆಪ್ಟಿಕಲ್ ಫ್ಲೋ (ಚಲನೆ ಲೆಕ್ಕ ಹಾಕಿ ನಡುವಿನ ಫ್ರೇಮ್ ಸೃಷ್ಟಿಸೋದು) ಹಾಕಿ ನೋಡ್ಬಹುದು, ನಿಧಾನ ನಡೆಯೋರಿಗೆ ಪರವಾಗಿಲ್ಲ, ಕೈ ಬೀಸೋ ಕಡೆ ಬೆರಳುಗಳು ಕರಗಿ ಕರಗಿ ಹೋಗ್ತವೆ.